ಟೈಲರಜ್ಜನ ಅಂಗಾಲು

ಈ ಕಾಲು ತುಳಿದ ಹೊಲಿಗೆ ಯಂತ್ರಕ್ಕೆ ಗಾಡಿಯ ಚಕ್ರವಿದ್ದಿದ್ದರೆ ಅದು ಸೂರ್ಯನಿಗೆ ಎರಡು ಸುತ್ತು ಹಾಕಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿತ್ತು, ಅಂಥ ಕಾಲನ್ನು ಈ ನರ್ಸಮ್ಮ ಮಂಡಿಯ ಮೇಲಿಟ್ಟುಕೊಂಡು ಕುಂಬಳಕಾಯಿಯ ಹಾಗೆ ತಿರುಗಿಸುತ್ತಿದ್ದಾಳಲ್ಲ, ತಿರುಗಿಸಲಿ, ಎಂದುಕೊಂಡ ಟೈಲರಜ್ಜ — ಸಕ್ಕರೆ ಕಾಯಿಲೆಯ ಹಿರಿಯರಿಗೆ ಪಾಠವಂತೆ, ಬುಧವಾರ ಬುಧವಾರ, ಗೋಡೆಯ ಮೇಲೆ ಪಾದದ ಚಿತ್ರ, ಸುತ್ತ ಹನ್ನೊಂದು ಮುದಿ ವಿದ್ಯಾರ್ಥಿಗಳು, ಪಕ್ಕದಲ್ಲಿ ಹೆಂಡತಿ. ಅಜ್ಜಾ, ಕಣ್ಣು ಮುಚ್ಕೊಳ್ಳಿ, ದಾರ ತಾಗಿದಾಗೆಲ್ಲ ಹ್ಞೂಂ ಅನ್ನಿ, ಗೊತ್ತಾಗ್ದಿದ್ರೆ ಸುಮ್ನಿರಿ. ದಾರವಂತೆ! ಐವತ್ತು ವರ್ಷ ದಾರದ ಜೊತೆ ಸಂಸಾರ ಮಾಡಿದವನಿಗೆ ದಾರದ ಪರೀಕ್ಷೆ, ಕಡ್ಡಿಯ ತುದಿಗೆ ಸಿಕ್ಕಿಸಿದ, ಒತ್ತಿದರೆ ಬಾಗುವ ಬೆರಳುದ್ದದ ನೈಲಾನು, ಕಣ್ಣು ಮುಚ್ಚುವಾಗ ಕಂಡದ್ದು ಅದೊಂದೇ, ಬಿಳಿ ದಾರ — ತಾಗಿತೇ? ಎಲ್ಲಿ? ಪಾದ ಇರಬೇಕಾದಲ್ಲಿ ಹತ್ತಿಯ ಉಂಡೆ, ಮೂರು ತಿಂಗಳಿಂದ ಹೀಗೇ, ಬಾಯಿಬಿಟ್ಟರೆ ಮಗಳು ಯಂತ್ರಕ್ಕೆ ಮುಸುಕು ಹಾಕಿ ಮೂಲೆಗೆ ತಳ್ಳುತ್ತಾಳೆ, ಅಪ್ಪಾ ಸಾಕಿನ್ನು ಅಂತಾಳೆ, ಸಾಕಾಗೋಕೆ ನಾನೇನು ಸವೆದ ಗುಂಡಿಯೇ, ಆಗದು, ಪ್ರಾಣ ಹೋದರೂ ಆಗದು. ಕಿವಿ ಇದೆಯಲ್ಲ! ನರ್ಸಮ್ಮ ಬಾಗಿದಾಗ ಸ್ಟೂಲು ಕಿರ್ ಎನ್ನುತ್ತದೆ, ಕಿರ್, ಹ್ಞೂಂ, ಕಿರ್, ಹ್ಞೂಂ, ಸಿಕ್ಕಿತು ಲಯ, ಉದ್ದ ಹೊಲಿಗೆಯ ಲಯ, ಇನ್ನು ಸ್ಟೂಲೂ ಬೇಡ, ಹ್ಞೂಂ, ಹ್ಞೂಂ. ಏನ್ ಕಾಲಪ್ಪಾ ಇದು, ಗಡಿಯಾರ ಕೆಟ್ಟೋಯ್ತು ಇದ್ರ ಮುಂದೆ, ಅಂದದ್ದು ನಿವೃತ್ತ ಅಂಚೆಯಣ್ಣ. ಇರುವೆ ಹತ್ತಿದ್ರೆ ಗಂಡೋ ಹೆಣ್ಣೋ ಹೇಳುತ್ತೆ ಕಣಯ್ಯಾ ಈ ಅಂಗಾಲು, ಹ್ಞೂಂ, ಹ್ಞೂಂ — ಯಾಕೆ ಯಾರೂ ನಗುತ್ತಿಲ್ಲ, ಹ್ಞೂಂ. ಅಜ್ಜಾ, ಕಣ್ಣು ಬಿಡಿ. ಬಿಟ್ಟ. ಬಿಳಿ ದಾರ ಅಂಗಾಲಿನಿಂದ ಗೇಣು ದೂರ, ಗಾಳಿಯಲ್ಲಿ. ಕೊನೇ ಐದು ಹ್ಞೂಂ ಯಾವುದಕ್ಕೆ ಅಜ್ಜಾ? ಸುಳ್ಳುಗಳು ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು, ನೀನು ಮುಟ್ಟೋ ಮುಂಚೇನೇ ಗೊತ್ತಾಗುತ್ತಮ್ಮ, ಅಂಥ ಕಾಲು — ಆದರೆ ಹೆಂಡತಿ ಅವನ ಕಾಲುಚೀಲವನ್ನು ಮಗುಚಿ ಹಿಡಿದಿದ್ದಾಳೆ, ಹಿಮ್ಮಡಿಯಲ್ಲಿ ಒಣಗಿದ ಕಂದು ಕಲೆ, ಇದು ಯಾವಾಗ ಆಯ್ತುರೀ? ಯಾವಾಗ ಆಯಿತು, ಅವನಿಗೇನು ಗೊತ್ತು, ಯಾವ ಬಟ್ಟೆಯ ಕಲೆಯ ಜಾತಕವನ್ನಾದರೂ ಹೇಳಬಲ್ಲವನು ತನ್ನದೇ ರಕ್ತದ ಕಲೆಯನ್ನು ಉಗುರಿನಿಂದ ಕೆರೆದು ನೋಡಿದ, ಗೊತ್ತಾಗದ ಗಾಯ ಕೊಳೆತು ಕಾಲೇ ಹೋದರೆ ತುಳಿಯುವುದು ಯಾತರಿಂದ? ತುಳಿಯಬೇಕು, ತುಳಿದೇ ತುಳಿಯುತ್ತೇನೆ, ಅದಕ್ಕೇ — ಗೊತ್ತಾಗ್ತಿಲ್ಲ ನರ್ಸಮ್ಮ, ಒಂದೂ ಗೊತ್ತಾಗ್ಲಿಲ್ಲ, ಮೂರು ತಿಂಗಳಾಯ್ತು, ಮೊದಲಿಂದ ಮಾಡು, ಈ ಸಲ ಮೋಸ ಇಲ್ಲ. ಕಣ್ಣು ಮುಚ್ಚಿದ. ಸ್ಟೂಲು ಕಿರ್ ಎಂದಿತು, ಸುಮ್ಮನಿದ್ದ, ಮತ್ತೆ ಎಂದಿತು, ಸುಮ್ಮನಿದ್ದ, ಹುಟ್ಟಿದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ, ಮುಚ್ಚಿದ ರೆಪ್ಪೆಯೊಳಗೆ ಬಿಳಿ ದಾರ, ಎಲ್ಲೋ ಬಾಗುತ್ತಿರುವ ಬಿಳಿ ದಾರ, ಬಿಳಿ ದಾರ —