ಮಂಗಟ್ಟೆಯ ಕೊಕ್ಕು

ರೂಫಿನಾ ತೀರಿಕೊಂಡು ಏಳು ವರ್ಷವಾಗಿತ್ತು. ಆದರೆ ಅವಳು ಇನ್ನೂ ಹೊರಟಿರಲಿಲ್ಲ. ಸತ್ತವರಿಗಾಗಿ ಕುಲದ ಮಲಂಗನ್ ಕಂಬವನ್ನು ಕೆತ್ತಿ, ಅದನ್ನು ಮರೆಮಾಡಿದ ಎಲೆಬೇಲಿ ಕೆಡವಿ ಊರಿಗೆ ತೋರಿಸಿ, ಅದನ್ನು ಬಲ್ಲ ಹಿರಿಯನು ಅದರ ಹೆಸರು ಕೂಗುವವರೆಗೆ ಜೀವ ಸಮಾಧಿಯ ಸುತ್ತಲೇ ಅಲೆಯುತ್ತದೆ. ಕೂಗಿದ ಮೇಲೆ ಕಂಬವನ್ನು ಸುಡುತ್ತಾರೆ. ಹೀಗಾಗಿ ನ್ಯೂ ಐರ್ಲೆಂಡ್ ದ್ವೀಪದ ಆ ಊರಿನಲ್ಲಿ ಹಳೆಯ ಕಂಬ ಒಂದೂ ಇರಲಿಲ್ಲ. ಉಳಿದದ್ದು ಜರ್ಮನರ ಕಾಲದಲ್ಲಿ ಹಡಗು ಹತ್ತಿದ ಒಂದೇ ಒಂದು. ಅದು ಯೂರೋಪಿನ ಯಾವುದೋ ವಸ್ತುಸಂಗ್ರಹಾಲಯದ ಗಾಜಿನೊಳಗಿತ್ತು.

ರೂಫಿನಾಳ ಮಗ ಆಪೆಲಿಸ್ ಕೆತ್ತನೆಗಾರ. ಆ ಕಂಬದ ರೂಪವನ್ನು ಕೆತ್ತಿಸುವ ಹಕ್ಕು ಅವನ ಸೋದರಮಾವ ಎರುವೆಲ್‌ನದು. ಆಮೇಲೆ ಅದೇ ರೂಪದಲ್ಲಿ ಕೆತ್ತಿ ಸುಟ್ಟ ಕಂಬವೊಂದನ್ನು ಬಾಲ್ಯದಲ್ಲಿ ಕಂಡವರಲ್ಲಿ ಬದುಕಿದ್ದವನು ಅವನೊಬ್ಬನೇ. ಈಗ ಅವನಿಗೆ ಕಣ್ಣಿಲ್ಲ. ಆಚೆ ದ್ವೀಪದಲ್ಲಿ ಕಾಯಿಲೆ ಬಿದ್ದಿದ್ದ ಮುದುಕ, ಹಕ್ಕು ಕೊಟ್ಟಿದ್ದೇನೆ, ಸಂಗ್ರಹಾಲಯದವರು ಕಳಿಸಿದ ಫೋಟೋ ನೋಡಿ ಶುರುಮಾಡು ಎಂದು ಹೇಳಿಕಳುಹಿಸಿದ್ದ. ಆಪೆಲಿಸ್ ಹನ್ನೊಂದು ತಿಂಗಳು ಬೇಲಿಯೊಳಗೆ ಕುಳಿತು, ಒಂದೇ ಹಾಲೆಮರದ ದಿಮ್ಮಿಯಲ್ಲಿ ಕೆತ್ತಿದ: ಕೆಳಗೆ ಮೀನು, ಮೀನಿನ ಬಾಯಲ್ಲಿ ನಿಂತ ಹೆಂಗಸು, ಅವಳ ತಲೆಯ ಮೇಲೆ ಮಂಗಟ್ಟೆ ಹಕ್ಕಿ. ಹಕ್ಕಿಯ ಕೊಕ್ಕು ಅವಳ ಎದೆಯವರೆಗೆ ಇಳಿದಿತ್ತು.

ಹಬ್ಬದ ಹಿಂದಿನ ಮಧ್ಯಾಹ್ನ ಮಾವನ ದೋಣಿ ಬಂತು. ಮುದುಕ ಕಂಬವನ್ನು ಬುಡದಿಂದ ತಡವುತ್ತ ಬಂದ.

"ಮೀನು ನಮ್ದೇ. ನಿಮ್ಮಪ್ಪ ಒಂದು ದೋಣಿ ಹುಟ್ಟನ್ನೂ ಇಷ್ಟು ನುಣ್ಣಗೆ ಕೆತ್ತಲಿಲ್ಲ ಬಿಡು."

ಆಪೆಲಿಸ್ ನಕ್ಕ. ಮುದುಕನ ಕೈ ಮೇಲೇರಿ, ಕೊಕ್ಕಿನ ಮೇಲೆ ನಿಂತಿತು.

"ಇದೇನೋ ಇದು?"

"ಮಂಗಟ್ಟೆ, ಮಾವ. ಫೋಟೋದಲ್ಲಿ ಇದೆಯಲ್ಲ."

"ಮಂಗಟ್ಟೆ ಹೊಳೆಯಾಚೆ ಪೌಲುಸನ ಕುಲದ್ದು ಕಣೋ! ನಮ್ದು ಹಾರುಮೀನು. ಫೋಟೋ ತೆಗೆದೋನೇನು ನಿನ್ನ ಸೋದರಮಾವನಾ?"

ಆಪೆಲಿಸ್ ಫೋಟೋವನ್ನು ಬಿಸಿಲಿಗೆ ಹಿಡಿದ. ಹೆಂಗಸಿನ ಕತ್ತಿನ ಸುತ್ತ ಒಂದು ಸಣ್ಣ ಗೆರೆಯಿತ್ತು. ಬಣ್ಣದ ಗೆರೆಯೆಂದು ತಿಳಿದು ಅವನೂ ಅದನ್ನು ಬರೆದಿದ್ದ. ಅದು ಅಂಟು ಹಾಕಿದ ಜಾಗ. ಮುರಿದ ಎರಡು ಕಂಬಗಳನ್ನು ಅಲ್ಲಿ ಯಾರೋ ಸೇರಿಸಿ ಒಂದು ಮಾಡಿದ್ದರು.

"ಪೌಲುಸನ ಹತ್ರ ಹಕ್ಕು ಕೊಂಡ್ಕೊಂಡ್ರೆ?"

"ಎರಡು ಕುಲ ಕೂತು, ಇನ್ನೊಂದು ಹಬ್ಬದಲ್ಲಿ ಕಂಬದ ಮುಂದೆ ಕೊಡೋ ಹಕ್ಕು ಅದು. ನಾಳೆ ತೋರ್ಸೋದಕ್ಕೆ ಇವತ್ತು ಸಿಗಲ್ಲ."

"ಹಕ್ಕಿ ತೆಗೆದುಬಿಟ್ರೆ?"

"ತೆಗಿ. ತಲೆ ನಿಲ್ಲುತ್ತಾ?"

ನಿಲ್ಲುವುದಿಲ್ಲವೆಂದು ಆಪೆಲಿಸ್‌ಗೆ ಗೊತ್ತಿತ್ತು. ಟೊಳ್ಳು ಕೆತ್ತನೆಯಲ್ಲಿ ತಲೆಯ ಭಾರವನ್ನೆಲ್ಲ ಹೊತ್ತದ್ದು ಆ ಕೊಕ್ಕು. ಆದರೂ ಬೆಳಗಾಗುತ್ತಲೇ ಗರಗಸ ಹಿಡಿದ. ಹಕ್ಕಿಯ ಜೊತೆಗೆ ತಲೆಯೂ ಬಂತು.

ಬೇಲಿ ಬಿತ್ತು. ಎಂಟು ಊರುಗಳ ಜನ ನೋಡಿದರು. ರೂಪ ಕಂಡೊಡನೆ ಗೋಳಾಡಬೇಕಾಗಿದ್ದ ಹೆಂಗಸರು ಯಾರನ್ನೂ ಗುರುತಿಸದೆ ನಿಂತರು.

"ಕೂಗಿ ಮಾವ!" ಆಪೆಲಿಸ್‌ನ ತಂಗಿ ಸೆಲೀನಾ ಕಿರುಚಿದಳು. "ಹೆಸರು ಕೂಗಿ! ಅಮ್ಮ ಕಾಯ್ತಿದ್ದಾಳೆ!"

ಎರುವೆಲ್ ಕೊಯ್ದ ಜಾಗದ ಮೇಲೆ ಕೈಯಿಟ್ಟ.

"ಇದಕ್ಕೆ ಹೆಸರಿಲ್ಲ."

ಜನ ತಲೆತಗ್ಗಿಸಿ ಹಂದಿಮಾಂಸ ತಿಂದರು. ಪೌಲುಸ್ ತನ್ನ ಪಾಲನ್ನು ಎಲೆಯಲ್ಲಿ ಸುತ್ತಿಕೊಂಡು ಹೊಳೆ ದಾಟಿದ.

ಅಂಗಳ ಬರಿದಾದಾಗ ಆಪೆಲಿಸ್ ಮಾವನ ಕಾಲ ಬಳಿ ಕಡ್ಡಿ ಹಿಡಿದು ಕುಳಿತ. "ನಾಳೆನೇ ಇನ್ನೊಂದು ಮರ ಕಡೀತೀನಿ. ಹಾರುಮೀನು ಹೇಗಿತ್ತು ಹೇಳಿ."

"ರೆಕ್ಕೆ ಹೀಗೆ ಹರಡಿತ್ತು. ಬಾಯಿ ಕೆಳಗೆ..." ಮುದುಕ ಗಾಳಿಯಲ್ಲಿ ಕೈ ಆಡಿಸಿದ. "ಇಲ್ಲ, ಮೇಲೆ." ಕೈ ಇಳಿಯಿತು. "ಮುಂದೆ ದೊಡ್ಡೋರು ನಿಂತಿದ್ರು ಕಣೋ. ನಾನು ಅವರ ಸೊಂಟದ ಸಂದಿಯಿಂದ ನೋಡಿದ್ದು. ಕೆಳಗಿಂದು ಕಂಡಿತ್ತು. ಮೇಲಿಂದು ಹಾರುಮೀನು ಅಂತ ಕೂಗಿದ್ದು ಕೇಳಿಸ್ತು, ಅಷ್ಟೆ."

ಮರಳಿನ ಮೇಲೆ ಆಪೆಲಿಸ್ ಎಳೆಯುತ್ತಿದ್ದ ಗೆರೆ ಅಲ್ಲಿಗೇ ನಿಂತಿತು.

"ಹಾಗಾದ್ರೆ ಅಮ್ಮ?" ಎಂದಳು ಸೆಲೀನಾ.

ಗಂಡಸರಿಬ್ಬರೂ ಸಮಾಧಿಯ ಕಡೆ ಮುಖ ತಿರುಗಿಸಲಿಲ್ಲ.