ಲೋಡು ಕಳಚಿದಾಗ

ಹನ್ನೆರಡು ವೋಲ್ಟಿಗೆ ನಿಲ್ಲಬೇಕಾಗಿದ್ದ ಮೀಟರಿನ ಅಂಕಿ ಹದಿನೆಂಟನ್ನು ದಾಟಿತು. ಇಪ್ಪತ್ತು. ಇಪ್ಪತ್ತಮೂರು. ಉಮಾಶಂಕರ್ ಸ್ವಿಚ್ ಆರಿಸಿದ.

"ನಾ ಏನೂ ಮಾಡ್ಲಿಲ್ಲ ಸಾರ್," ಎಂದಳು ಮಂಗಳಾ. "ಲೋಡ್ ವೈರು ಕಳಚ್ಕೊಂತು. ಆಮ್ಯಾಕೆ ಏರ್ತಾನೇ ಹೋಯ್ತು."

ಮೂಕಂಡಪಲ್ಲಿಯ ಆ ಕಾರ್ಖಾನೆಯಲ್ಲಿ ಅವಳು ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವವಳು. ಅವನು ಅವುಗಳ ನಕ್ಷೆ ಬರೆದ ಎಂಜಿನಿಯರು. ಬೋರ್ಡು ಹೋಗುವುದು ಎಲೆಕ್ಟ್ರಿಕ್ ಸ್ಕೂಟರಿಗೆ. ಮೋಟಾರಿನ ಸ್ವಿಚ್ಚಿಗೆ ಬೇಕಾದ ವೋಲ್ಟೇಜನ್ನು ಅದರೊಳಗಿನ ಚಾರ್ಜ್ ಪಂಪು ಎತ್ತಿ ಕೊಡುತ್ತದೆ. ಒಂದು ಆಂಪ್ಲಿಫೈಯರು ಅದನ್ನು ಗಮನಿಸುತ್ತ, ಹೆಚ್ಚಾದರೆ ಪಂಪನ್ನು ತಡೆಯುತ್ತದೆ. ತಡೆಯಬೇಕು.

ತನ್ನ ಮೇಜಿಗೆ ಹೋಗಿ ನಕ್ಷೆ ತೆರೆದ. ಎರಡು ತಿಂಗಳ ಹಿಂದೆ ಆಂಪ್ಲಿಫೈಯರಿಗೂ ಪಂಪಿಗೂ ನಡುವೆ ಒಂದು ಟ್ರಾನ್ಸಿಸ್ಟರ್ ಸೇರಿಸಿದ್ದ. ಅದು ಸಂಕೇತವನ್ನು ತಲೆಕೆಳಗು ಮಾಡುತ್ತದೆಂಬುದು ಪಾಲಿಟೆಕ್ನಿಕ್ಕಿನಲ್ಲಿ ಓದುವವರಿಗೂ ಗೊತ್ತು. ಆಂಪ್ಲಿಫೈಯರಿನ ಪ್ಲಸ್ಸು ಮೈನಸ್ಸುಗಳನ್ನು ಆಗಲೇ ಅದಲುಬದಲು ಮಾಡಬೇಕಿತ್ತು. ಮಾಡಿರಲಿಲ್ಲ. ಈಗ ವೋಲ್ಟೇಜು ಏರಿದಷ್ಟೂ ಅದು ಪಂಪಿಗೆ ಇನ್ನಷ್ಟು ಏರಿಸು ಎನ್ನುತ್ತಿತ್ತು. ಪರೀಕ್ಷೆಗೆಂದು ಜೋಡಿಸುವ, ಕರೆಂಟು ಎಳೆಯುವ ಭಾರೀ ಲೋಡು ವೋಲ್ಟೇಜನ್ನು ಕೆಳಗೆಳೆದು ಹಿಡಿದಿದ್ದರಿಂದ ಅಂಕಿ ಇಷ್ಟು ದಿನ ಹನ್ನೆರಡರ ಬಳಿ ನಿಂತಂತೆ ಕಂಡಿತ್ತು, ಅಷ್ಟೆ. ರಸ್ತೆಯಲ್ಲಿ ಲೋಡು ಹಗುರಾದರೆ ವೋಲ್ಟೇಜು ಮಿತಿಮೀರಿ ಮೋಟಾರಿನ ಸ್ವಿಚ್ಚು ಸುಟ್ಟು ಅಂಟಿಕೊಳ್ಳುತ್ತದೆ. ಸವಾರ ಆಕ್ಸಿಲರೇಟರ್ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ.

ಆರುನೂರು ಬೋರ್ಡು ಆಗಲೇ ಸ್ಕೂಟರ್ ಕಂಪನಿಗೆ ಹೋಗಿದ್ದವು. ನಕ್ಷೆಯ ಕೆಳಗೆ ಅವನದೇ ಸಹಿ.

ಮ್ಯಾನೇಜರ್ ರಾಮಮೂರ್ತಿಗೆ ಹೇಳುವಾಗ ಅವನು ತಪ್ಪು ಎಂಬ ಮಾತನ್ನೇ ಬಳಸಲಿಲ್ಲ. ವೋಲ್ಟೇಜು ಕೊಂಚ ಅಸ್ಥಿರವಾಗಿದೆ ಎಂದ. ರಾಮಮೂರ್ತಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಲೋಡ್ ಇಟ್ರೆ ಸರಿಯಾಗಿ ಬತ್ತದಲ್ಲ?"

"ಬತ್ತದೆ ಸಾರ್. ಆದ್ರೆ..."

"ಹಂಗಾದ್ರೆ ಲೋಡ್ ಇಟ್ಟೇ ನೋಡಯ್ಯ. ಯಾರು ಕಂಡಿದ್ದು ಇದ್ನ?"

ಉಮಾಶಂಕರ್ ಮಂಗಳಾಳ ಹೆಸರು ಹೇಳಿದ. ಎಷ್ಟು ಸಲೀಸಾಗಿ ಹೇಳಿಬಿಟ್ಟೆನೆಂದು ಹೊಳೆದದ್ದು ಬಾಗಿಲು ಮುಚ್ಚಿದ ಮೇಲೆ.

ಕ್ಯಾಂಟೀನಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ಅದು ಇನ್ನೂ ಹೆದರಿಸಿತು. ಮುದ್ದೆ ಮುರಿದವನು ಹಾಗೇ ಎದ್ದ.

ಅವನು ಕ್ಯಾಂಟೀನಿನಿಂದ ಬರುವಷ್ಟರಲ್ಲಿ ಮಂಗಳಾಳ ಜಾಗದಲ್ಲಿ ಮುರುಗೇಶ್ ಎಂಬ ಹೊಸಬ ಕೂತಿದ್ದ. ಲೋಡಿನ ವೈರು ಮತ್ತೆ ಕಳಚದಂತೆ ಬೆಸುಗೆ ಹಾಕಿದ್ದರು. ಬೋರ್ಡುಗಳು ಒಂದರ ಹಿಂದೊಂದು ಪಾಸಾಗುತ್ತಿದ್ದವು. ಸ್ಕೂಟರ್ ಕಂಪನಿಯವರಿಗೆ ಉಮಾಶಂಕರ್ ಉದ್ದವಾದ ಮೇಲ್ ಒಂದನ್ನು ಬರೆದ. ಕಾಗುಣಿತ ತಿದ್ದಿದ. ಆಮೇಲೆ ಅಳಿಸಿದ.

ಮೂರೂವರೆಗೆ ಕಂಪನಿ ಬಸ್ಸಿನ ಬಳಿ ಮಂಗಳಾ ಕಾದಿದ್ದಳು. ಅವಳನ್ನು ಪ್ಯಾಕಿಂಗಿಗೆ ಹಾಕಿದ್ದರು.

"ನನ್ ಕಡೆಯಿಂದ ಏನಾರ ತಪ್ಪಾಯ್ತಾ ಸಾರ್?"

"ಇಲ್ಲ. ಮೀಟರ್ ಕೆಟ್ಟಿತ್ತು."

ಅವಳ ಮುಖ ಸಡಿಲಾಯಿತು. "ಸದ್ಯ. ನಮ್ಮಣ್ಣ ಹೋದ ವಾರ ನಮ್ ಬೋರ್ಡ್ ಹಾಕಿರೋ ಗಾಡೀನೇ ತಂದವ್ನೆ. ದಿನಾ ಮಗೀನ ಮುಂದೆ ನಿಲ್ಲಿಸ್ಕೊಂಡು ಡೆಂಕಣಿಕೋಟೆಗೆ ಹೋಯ್ತಾನೆ. ಬೆಳಿಗ್ಗೆಯಿಂದ ಎದೆ ಹೊಡ್ಕೊಂತಿತ್ತು."

ಅವನು ಬಾಯಿ ತೆರೆದ. ಡ್ರೈವರ್ ಹಾರನ್ ಹೊಡೆದ. ಅವಳು ನಗುತ್ತಲೇ ಹತ್ತಿಕೊಂಡಳು.

ಅವನು ಹಿಂದಿನ ಸೀಟಿನಲ್ಲಿ ಕೂತ. ಪಾಳಿ ಮುಗಿಸಿದ ನಲವತ್ತು ಜನ ಗೇಟು ದಾಟುವ ಮೊದಲೇ ನಿದ್ದೆಗೆ ಜಾರಿದ್ದರು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ನಲವತ್ತು ತಲೆಗಳು ಒಟ್ಟಿಗೆ ಹೂಂ ಎಂಬಂತೆ ಬಾಗಿದವು. ಮಂಗಳಾಳದೂ. ಉಮಾಶಂಕರ್ ಎದುರಿನ ಕಂಬಿ ಹಿಡಿದು, ತನ್ನ ತಲೆಯೂ ಬಾಗದಂತೆ ಕತ್ತು ಬಿಗಿಮಾಡಿದ.

ಮುಂದೆ, ಕಣ್ಣು ಹಾಯುವಷ್ಟು ದೂರ, ರಸ್ತೆ ಅಗೆದು ಹಾಕಿದ್ದರು.