ಬಾಚದ ತಲೆ

"ಇನ್ನೂ ಬಗ್ಸೇ ತಲೆನ. ನಾನೇನು ನಿನ್ನ ಹೇನು ಹುಡುಕ್ತಾ ಇಲ್ಲ, ನಮ್ಮ ಬೆಳ್ಳಿ ಹುಡುಕ್ತಾ ಇದೀನಿ."

ಸಾಹುಕಾರನ ಭಾವಮೈದ ಹೀಗಂದು ಅರದಕ್ಕನ ಕುತ್ತಿಗೆಯನ್ನು ಕೆಳಕ್ಕೆ ಅದುಮಿದ. ಬಾಗಿಲ ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಮಂಡಿಯೂರಿ, ಕೂದಲು ಬಿಚ್ಚಿ ಮುಂದಕ್ಕೆ ಚೆಲ್ಲಿಕೊಂಡು ಕೂತರೆ ಅವನು ಹೇನಿನ ಬಾಚಣಿಗೆಯಿಂದ ಬಾಚುತ್ತಿದ್ದ. ಕೆಲಸ ಮಾಡುವಾಗ ಹಾರಿ ತಲೆಗೆ ಮೆತ್ತಿದ ಬೆಳ್ಳಿಪುಡಿಯೆಲ್ಲ ಬಟ್ಟೆಗೆ ಉದುರಬೇಕು. ಆಮೇಲೆ ಉಗುರಿನ ಸಂದಿ ಕೆರೆಸಿಕೊಳ್ಳಬೇಕು, ಮೂಲೆಯ ಬಾನಿಯಲ್ಲಿ ಕೈ ತೊಳೆಯಬೇಕು. ಇಷ್ಟಾದ ಮೇಲೇ ಬೀಗ ತೆಗೆಯುವುದು. ಊಟಕ್ಕಾಗಲಿ ಉಚ್ಚೆಗಾಗಲಿ, ಇದೇ ಮರ್ಯಾದೆ. ಹೆಂಗಸರೆಲ್ಲ ಅವನಿಗೆ ಬಾಚಣಿಗೆ ಅಂತಲೇ ಹೆಸರಿಟ್ಟಿದ್ದರು.

"ಬೇಗ ಬಾಚಣ್ಣ, ಬೆಳಗ್ಗೆಯಿಂದ ತಡ್ಕೊಂಡಿದೀನಿ."

"ಇನ್ನೊಂಚೂರು ತಡ್ಕೋ. ನೀವು ಹಲ್ಕಾ ಹೆಂಗಸರು, ಎಲ್ಲೆಲ್ಲಿ ಬಚ್ಚಿಟ್ಕೊಂಡಿರ್ತೀರೋ ಯಾರಿಗೆ ಗೊತ್ತು!"

ಹಿಂದೆ ಸಾಲಿನಲ್ಲಿ ನಿಂತಿದ್ದ ನಾದಿನಿ ಕಿಸಕ್ಕನೆ ನಕ್ಕಳು. "ಅತ್ತಿಗೆ, ಮನೇಲಿ ನನ್ನ ತಲೆ ಬಾಚೋಕೆ ನಿಂಗೆ ಸೋಮಾರಿತನ. ನೋಡು, ಇಲ್ಲಿ ಪುಕ್ಕಟೆ ಬಾಚ್ತಾರೆ."

ಆ ಹುಡುಗಿಗೆ ಎಲ್ಲದಕ್ಕೂ ನಗು. ಅರದಕ್ಕನಿಗೆ ಗಂಡ ಬಿಟ್ಟು ಹೋದ ಆಸ್ತಿ ಅಂದರೆ ಅವನ ಈ ತಂಗಿ ಒಬ್ಬಳೇ. ಮೊಣಕಾಲೆತ್ತರ ಇದ್ದಾಗಿನಿಂದ ಸಾಕಿದವಳು, ಈಗ ತನಗಿಂತ ಎತ್ತರ ಬೆಳೆದು ನಿಂತಿದ್ದಳು.

ಅಲ್ಲಿ ತಯಾರಾಗುತ್ತಿದ್ದದ್ದು ಅಂಗೈಯಗಲದ ಬೆಳ್ಳಿ ಡಬ್ಬಿಗಳು. ಬೆಸುಗೆ ಹಾಕುವ ಮುದುಕನಿಗೆ ಕಣ್ಣು ಮಂಜು, ಜೊತೆಗೆ ಸಾಹುಕಾರನ ಅವಸರ. ಹಾಗಾಗಿ ಅವನು ಮೇಣ ಸುರಿದ ಹಾಗೆ ಬೆಸುಗೆ ಸುರಿಯುತ್ತಿದ್ದ. ಕೂಡಿಸಿದ ಅಂಚಿನಿಂದ ಅದು ಹರಿದು ಗಂಟುಗಂಟಾಗಿ ಕೂರುತ್ತಿತ್ತು. ಡಬ್ಬಿಯನ್ನು ನೀರಿನಲ್ಲಿ ಆರಿಸಿ, ಆಸಿಡ್ಡಿನಲ್ಲಿ ಅದ್ದಿ ಕಪ್ಪು ಬಿಡಿಸುವುದು ನಾದಿನಿಯ ಕೆಲಸ. ಆ ಗಂಟುಗಳನ್ನು ಉಳಿಯಿಂದ ಹೆರೆದು, ಅರದಿಂದ ಉಜ್ಜಿ, ಬೆಸುಗೆ ಹಾಕಿದ್ದೇ ಸುಳ್ಳು ಅನ್ನುವ ಹಾಗೆ ಮಾಡುವುದು ಅರದಕ್ಕನ ಕೆಲಸ. ಉಜ್ಜಿ ಉಜ್ಜಿ ಅವಳ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು.

ಊಟ ಮುಗಿಸಿ ಬಂದು ಕೂತಿದ್ದರಷ್ಟೆ, ಸಾಹುಕಾರ ಗದ್ದುಗೆ ಬಿಟ್ಟು ಇಳಿದು ಬಂದ.

"ಸಂಜೆಗೆ ಮಾಲು ತಗೊಂಡು ಹೋಗೋಕೆ ಬರ್ತಾರೆ. ನೀನೇನೇ ಅದನ್ನ ನೀರಲ್ಲಿ ಹಾಕಿ ಸ್ನಾನ ಮಾಡಿಸ್ತಾ ಕೂತಿದೀಯ? ಬಿಸಿಬಿಸಿನೇ ಆಸಿಡ್ಡಿಗೆ ಹಾಕು, ಬೇಗ ಬಿಡುತ್ತೆ."

"ಸಿಡಿಯುತ್ತೆ ಧಣಿ," ಅಂದಳು ನಾದಿನಿ.

"ನನಗೇ ಹೇಳಿಕೊಡ್ತೀಯಾ, ದರಿದ್ರದವಳೇ?" ಅವನು ತಣ್ಣೀರಿನ ಬೋಗುಣಿಯನ್ನು ಕಾಲಿನಿಂದ ಒದ್ದ. ನೀರೆಲ್ಲ ನೆಲದ ಪಾಲಾಯಿತು.

ಅರದಕ್ಕ ಅರ ನಿಲ್ಲಿಸಿ ಬಾಯಿ ತೆರೆದಳು. ಮತ್ತೆ ಮುಚ್ಚಿ ಅರ ಆಡಿಸಿದಳು.

ಮೊದಲನೆಯ ಡಬ್ಬಿ ಬುಸ್ಸೆಂದು ಹೊಗೆಯೆಬ್ಬಿಸಿ ಸುಮ್ಮನಾಯಿತು. ಎರಡನೆಯದು ಇಕ್ಕಳದಿಂದ ಜಾರಿ ದೊಪ್ಪನೆ ಬಿತ್ತು. ಆಸಿಡ್ಡು ಮೇಲಕ್ಕೆ ಹಾರಿತು.

"ಅಯ್ಯಯ್ಯೋ ಅತ್ತಿಗೇ! ಕಣ್ಣು! ನನ್ನ ಕಣ್ಣು!"

ಅರದಕ್ಕ ತೊಡೆಯ ಮೇಲಿದ್ದುದನ್ನೆಲ್ಲ ಚೆಲ್ಲಿ ಎದ್ದಳು. ನೀರು, ನೀರು! ಒಳಗೆ ನೀರೆಲ್ಲಿದೆ? ಬಾನಿಯಲ್ಲಿ ಇದ್ದದ್ದು ನೀರಲ್ಲ, ವರ್ಷದ ಬೆಳ್ಳಿಪುಡಿಯ ಕೆಸರು. ನಲ್ಲಿ ಅಂಗಳದಲ್ಲಿ.

"ಬೀಗ ತೆಗಿಯೋ! ಬೇಗ ತೆಗಿ!"

ಬಾಚಣಿಗೆಯವನು ಭಾವನ ಮುಖ ನೋಡಿದ. ಸಾಹುಕಾರ ಚೆಲ್ಲಿದ ಪುಡಿಯನ್ನು ನೋಡುತ್ತಿದ್ದ.

"ಅವಳ ತಲೆ ಬಾಚಿ ಬಿಡು," ಅಂದ. "ಎಲ್ಲಾರಿಗೂ ಇದೇ ಒಂದು ನೆಪ ಆದೀತು ಆಮೇಲೆ."

ಅಷ್ಟರಲ್ಲಿ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಗೋಡೆಗೆ ಡಿಕ್ಕಿ ಹೊಡೆಯುತ್ತಾ, ಕಾಲಿನಿಂದಲೇ ತಡವುತ್ತಾ ಬಾಗಿಲ ಹತ್ತಿರ ಬಂದಳು. ಅವಳ ಪಾದಕ್ಕೆ ಆ ಬಿಳಿ ಬಟ್ಟೆ ಸಿಕ್ಕಿತು. ಸಿಕ್ಕಿದ್ದೇ ತಡ, ಕಿರುಚುತ್ತಲೇ ಮಂಡಿಯೂರಿದಳು. ಕಣ್ಣಿನ ಮೇಲಿದ್ದ ಒಂದು ಕೈಯನ್ನು ತೆಗೆದು ತಾನಾಗಿಯೇ ಜಡೆ ಬಿಚ್ಚಿ ಮುಂದಕ್ಕೆ ಚೆಲ್ಲಿ, ತಲೆ ಬಗ್ಗಿಸಿ ಕೂತಳು.

"ಬೇಗ ಬಾಚಣ್ಣ, ನಿನ್ನ ದಮ್ಮಯ್ಯ! ಬೇಗ ಬಾಚು!"

ಅವನು ನಿಜವಾಗಿಯೂ ಬಾಚಣಿಗೆ ಎತ್ತಿಕೊಂಡ.

ತಾನು ಸಾಕಿದ ಮಗುವಿನ ಬಾಗಿದ ಆ ಕುತ್ತಿಗೆಯನ್ನು ಅರದಕ್ಕ ನೋಡಲಾರದೆ ಹೋದಳು. ಅವಳು ಬಾಗಿಲ ಕಡೆ ಓಡಲಿಲ್ಲ. ಮೂಲೆಗೆ ಓಡಿ, ಬಾನಿಯ ಅಂಚಿಗೆ ಎರಡೂ ಕೈ ಕೊಟ್ಟು ಪಕ್ಕದ ಮೋರಿಯ ಕಡೆಗೆ ಓರೆ ಮಾಡಿದಳು. ಕೆಸರು ಅಂಚಿನವರೆಗೂ ಬಂದು ತುಳುಕಿತು.

"ಬೀಗ ತೆಗಿಯೋ ಬೋಳಿಮಗನೇ! ಇಲ್ಲಾಂದ್ರೆ ನಿಮ್ಮಪ್ಪನ ಗಂಟು ಮೋರಿ ಪಾಲು!"

ಸಾಹುಕಾರನ ಮುಖ ಬಿಳಿಚಿಕೊಂಡಿತು. ಆ ಕೆಸರನ್ನು ಬಸಿದು ಕರಗಿಸಿಯೇ ಅವನು ಮನೆಯ ಮೇಲೆ ಮನೆ ಕಟ್ಟಿದ್ದು. "ತೆಗಿಯೋ! ಬೀಗ ತೆಗಿಯೋ ಮಂಕೇ, ನೋಡ್ತಾ ನಿಂತಿದೀಯಲ್ಲ!" ಎಂದು ಭಾವಮೈದನಿಗೆ ಒಂದು ಬಾರಿಸಿದ. ಕಣ್ಣಿಗೆ ತೆರೆಯದ ಬಾಗಿಲು ಕೆಸರಿಗೆ ತೆರೆಯಿತು. ಬೆಸುಗೆಯ ಮುದುಕ ಹುಡುಗಿಯನ್ನು ತಬ್ಬಿ ಎತ್ತಿಕೊಂಡು ಅಂಗಳಕ್ಕೆ ನುಗ್ಗಿದ.

"ಆಯ್ತಲ್ಲಮ್ಮ," ಅಂದ ಸಾಹುಕಾರ. ಅವನ ಬಾಯಲ್ಲಿ ಅಮ್ಮ ಅನ್ನುವ ಮಾತು ಬಂದದ್ದನ್ನು ಆ ಕೋಣೆ ಕೇಳಿದ್ದು ಅದೇ ಮೊದಲು. "ಹೋಯ್ತಲ್ಲ ಹುಡುಗಿ. ಈಗ ಮೆಲ್ಲಗೆ ಇಳಿಸು ತಾಯಿ. ಚೆಲ್ಲಬೇಡ."

ಅರದಕ್ಕ ಅವನನ್ನು ನೋಡಿದಳು. ಒದ್ದ ಬೋಗುಣಿಯನ್ನು ನೋಡಿದಳು. ಕೈ ಬಿಟ್ಟಳು.

ಬಾನಿ ದಡಾರನೆ ಮಗುಚಿತು. ಬೂದು ಕೆಸರು ಗಳಗಳ ಸದ್ದು ಮಾಡುತ್ತಾ ಮೋರಿಯೊಳಗೆ ಇಳಿಯಿತು. ಸಾಹುಕಾರ "ಅಯ್ಯೋ, ಮನೆಹಾಳಿ!" ಎಂದು ಕೂಗಿ ನೆಲಕ್ಕೆ ಬಿದ್ದು, ಭುಜದವರೆಗೂ ಕೈಯನ್ನು ಮೋರಿಗೆ ತೂರಿಸಿ ಬಾಚತೊಡಗಿದ. ಅವನ ಕೆನ್ನೆ ಮೋರಿಯ ಕಲ್ಲಿಗೆ ಒತ್ತಿಕೊಂಡಿತ್ತು.

ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದರು. ಬಿಳಿ ಬಟ್ಟೆಯನ್ನು ತುಳಿದುಕೊಂಡು, ಬಾಚದ ತಲೆಯಲ್ಲೇ ಹೊರಗೆ ನಡೆದರು. ಬಾಚಣಿಗೆಯವನು ಬಾಚಣಿಗೆ ಹಿಡಿದುಕೊಂಡೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

ಅಂಗಳದಲ್ಲಿ ನಲ್ಲಿ ಪೂರ್ತಿ ತಿರುಗಿಸಿತ್ತು. ಅರದಕ್ಕ ಕಲ್ಲಿನ ಮೇಲೆ ಕೂತು ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೀರನ್ನು ಬೊಗಸೆ ಬೊಗಸೆಯಾಗಿ ಕಣ್ಣಿಗೆ ಸುರಿದಳು. ಕೂದಲಲ್ಲಿದ್ದ ಬೆಳ್ಳಿಪುಡಿ ಬಿಸಿಲಿಗೆ ಮಿಣಮಿಣ ಅನ್ನುತ್ತಾ ಬೀದಿಯ ಚರಂಡಿಗೆ ಹರಿಯಿತು.

"ಅತ್ತಿಗೆ, ತಲೆ ಬಾಚಿಸ್ಕೊಳ್ದೆ ಬಂದ್ಬಿಟ್ವಿ. ಬೈತಾರೇನೋ."

"ಬಾಯಿ ಮುಚ್ಚೇ ನನ್ನವ್ವ. ಇನ್ನು ನಿನ್ನ ತಲೆ ಯಾವನಾದ್ರೂ ಮುಟ್ಲಿ, ನೋಡ್ತೀನಿ. ಗಾಡಿ ತರೋಕೆ ಓಡಿದಾರೆ, ಆಸ್ಪತ್ರೆಗೆ ಹೋಗಣ. ಅಲ್ಲೀವರೆಗೂ ನೀರು ಬೀಳ್ತಾ ಇರ್ಬೇಕು. ಎಲ್ಲಿ, ಕಣ್ಣು ಬಿಡು."

ಹುಡುಗಿ ಮುಖವನ್ನು ಅತ್ತಿಗೆಯ ದನಿ ಬಂದ ಕಡೆಗೆ ತಿರುಗಿಸಿದಳು.

"ಬಿಟ್ಟೇ ಇದೀನಲ್ಲ ಅತ್ತಿಗೆ."